ತಿಪ್ಪೇಶ್ ಮೇಷ್ಟ್ರ ಕುರಿಗಣ್ಣಿನ ಪಾಠ

ಪಂಚನಹಳ್ಳಿ ರಸ್ತೆ ಮನೆ,
ಕಡೂರು ತಾಲ್ಲೂಕು,
೧೪-೭-೨೦೨೪, ಭಾನುವಾರ ಸಂಜೆ

ಪ್ರೀತಿಯ ರುದ್ರಾ,

ಹೇಗಿದ್ದೀಯಪ್ಪಾ? ಆ ಹಿಮದಲ್ಲಿ ನಿನ್ನ ಮೂಗು ಕಿವಿ ನೆಟ್ಟಗಿದೆ ತಾನೇ? ಸೌಮ್ಯ ಹೆಣೆದು ಕಳಿಸಿದ ಟೋಪಿ ಹಾಕ್ಕೋತಿದ್ದೀಯೋ, ಇಲ್ಲ ಹೆಂಡ್ತಿ ಕೊಟ್ಟಿದ್ದು ಅಂತ ಟ್ರಂಕಲ್ಲಿ ಮಡಚಿಟ್ಟಿದ್ದೀಯೋ. ನೀನಿರೋ ಗಡೀಲಿ ಫೋನ್ ಸಿಗಲ್ಲ ಅಂದಮೇಲೆ ನನಗೆ ಈ ಪೆನ್ನೇ ಗತಿ. ನಾವೆಲ್ಲ ಚೆನ್ನಾಗಿದ್ದೀವಿ. ನನ್ನ ಮಂಡಿನೋವು ಇದ್ದಲ್ಲೇ ಇದೆ. ನಿಮ್ಮಪ್ಪಂಗೆ ಮಾತ್ರ ಬಿ.ಪಿ. ಏರಿದೆ. ಅದಕ್ಕೆ ನಿನ್ನ ಮಗಳು ಮಾನಸ ಕಾರಣ ಅಂತ ಅವರು, ಅವರ ಕೋಪಾನೇ ಕಾರಣ ಅಂತ ನಾನು.

ಮೊದಲಿಂದ ಹೇಳ್ತೀನಿ ಕೇಳು. ನಮ್ಮೂರ ಹೈಸ್ಕೂಲಿಗೆ ಹೋದ ವರ್ಷ ತಿಪ್ಪೇಶ್ ಅಂತ ವಿಜ್ಞಾನದ ಮೇಷ್ಟ್ರು ಬಂದ್ರು. ಅವರು ಬರೋಕೆ ಮುಂಚೆ ಲ್ಯಾಬ್ ಅಂದ್ರೆ ಮುರಿದ ಬೆಂಚು ಪೇರಿಸೋ ಕೋಣೆ. ಈಗ ಹತ್ತನೇ ಕ್ಲಾಸಿನ ಹುಡುಗೀರು ನನ್ನ ಅಡುಗೆಮನೆಯ ನಿಂಬೆಹಣ್ಣು, ಅರಿಶಿನ, ಸುಣ್ಣ ಎಲ್ಲ ಎತ್ಕೊಂಡು ಹೋಗಿ ಅದೇನೋ ಪರೀಕ್ಷೆ ಮಾಡ್ತವೆ. ಮಾನಸ ಪಿಯುಸಿಗೆ ಸೈನ್ಸೇ ತಗೋತೀನಿ ಅಂತ ಪಟ್ಟು ಹಿಡಿದಿದ್ದಾಳೆ. ಹೋದ ವಾರ ಕಣ್ಣಿನ ಪಾಠಕ್ಕೆ ಅಂತ ಮೇಷ್ಟ್ರು ಮಟನ್ ಅಂಗಡಿಯಿಂದ ಕುರಿ ಕಣ್ಣು ತಂದು, ಮಕ್ಕಳೆದುರಿಗೆ ಕೊಯ್ದು ತೋರಿಸಿದ್ರಂತೆ. ಮನಸ್ಸಿಲ್ಲದೋರು ದೂರ ನಿಂತ್ಕೊಳ್ಳಿ ಅಂತಲೂ ಅಂದಿದ್ರಂತೆ. ನಮ್ಮ ಮನೇಲಿ ಮೊಟ್ಟೆ ಒಡೆದ ಸದ್ದೂ ಯಾರೂ ಕೇಳಿಲ್ಲ, ಆದ್ರೆ ಈ ನಿನ್ನ ಮಗಳು ಎಲ್ಲರಿಗಿಂತ ಮುಂದೆ ನಿಂತಿದ್ದಾಳೆ. ಅದೂ ಸಾಲದು ಅಂತ ಕಣ್ಣೊಳಗಿನ ಮಸೂರಾನ, ನಿಮ್ಮಪ್ಪಂಗೆ ಪೊರೆ ಆಪರೇಷನ್ನಲ್ಲಿ ಹಾಕಿದ್ರಲ್ಲ ಅಂಥದ್ದೇ, ಗಾಜಿನ ಮಣಿ ಥರ ಇರುತ್ತೆ, ಅದನ್ನ ಮೇಷ್ಟ್ರಿಗೆ ಹೇಳದೆ ತೊಳೆದು, ಹತ್ತೀಲಿ ಸುತ್ತಿ, ಕುಂಕುಮದ ಡಬ್ಬೀಲಿ ಹಾಕ್ಕೊಂಡು ಬಂದ್ಬಿಟ್ಳು. ಅವರಮ್ಮಂಗೆ ತೋರಿಸೋಕಂತೆ. ಸ್ನಾನಕ್ಕೆ ಹೋಗೋವಾಗ ಡಬ್ಬೀನ ದೇವರ ಕೋಣೆ ಕಿಟಕೀಲಿಟ್ಟು ಮರೆತಳು.

ಅವತ್ತೇ ಮಠದಿಂದ ಪ್ರಸಾದದ ಪೊಟ್ಟಣ ಬಂದಿತ್ತು. ನಿಮ್ಮಪ್ಪ ಡಬ್ಬಿ ಬಿಚ್ಚಿ ನೋಡಿದ್ದಾರೆ, ಹೊಳೆಯೋ ಮಣಿ. ಗುರುಗಳು ಸ್ಫಟಿಕ ಕಳಿಸಿದ್ದಾರೆ ಅಂದ್ಕೊಂಡ್ರು. ಯಾರನ್ನೂ ಒಂದು ಮಾತು ಕೇಳ್ಲಿಲ್ಲ. ವಿಭೂತಿ ಹಚ್ಚಿ, ಪತ್ರೆ ಏರಿಸಿ, ಎರಡು ದಿನ ಪೂಜೆ ಮಾಡಿದ್ರು ಕಣೋ. ನಂಗೂ ಮಂಗಳಾರತಿ ಕೊಟ್ರು, ನಾನೂ ಕಣ್ಣಿಗೊತ್ಕೊಂಡೆ. ಮೂರನೇ ದಿನ ಬೆಳಿಗ್ಗೆ ಮಾನಸ ನೋಡಿ, ತಾತ ಅದು ಕುರಿ ಕಣ್ಣಿಂದು ಅಂದ್ಬಿಟ್ಳು. ಅವಳ ಜಾಯಮಾನದಲ್ಲೇ ಮುಚ್ಚುಮರೆ ಇಲ್ಲ. ನಿಮ್ಮಪ್ಪನ ಮುಖ ನೋಡೋಕಾಗ್ಲಿಲ್ಲ. ಪಾಪ ಅನ್ನಿಸ್ತು, ನಗೂನೂ ಬಂತು. ಸೆರಗು ಬಾಯಿಗಿಟ್ಕೊಂಡು ಹಿತ್ತಿಲಿಗೆ ಹೋದೆ.

ನಗು ಅಲ್ಲಿಗೇ ಮುಗೀತು. ಶಾಲೆ ಕಮಿಟಿಗೆ ಇವರೇ ಅಧ್ಯಕ್ಷರಲ್ವಾ. ಪೂಜೆ ವಿಷಯ ಯಾರ ಹತ್ರಾನೂ ಎತ್ತಲ್ಲ. ಶಾಲೆಗೆ ಮಾಂಸ ತಂದ, ಮಕ್ಕಳ ಆಚಾರ ಕೆಡಿಸಿದ, ತೆಗೀಬೇಕು ಅಂತ ನಾಳೆ ಬೆಳಿಗ್ಗೆ ಮೀಟಿಂಗ್ ಕರೆದಿದ್ದಾರೆ. ತಿಪ್ಪೇಶ್ ಸರ್ಕಾರದ ಮೇಷ್ಟ್ರಲ್ಲ, ಕಮಿಟಿ ಬೇಡ ಅಂದ್ರೆ ಅವತ್ತೇ ಮನೆಗೆ. ಹೆಂಡ್ತಿ ಬೇರೆ ತುಂಬಿದ ಬಸುರಿ. ಮೇಷ್ಟ್ರು ನಮ್ಮ ಜನ ಆಗಿದ್ದಿದ್ರೆ ನೀವು ಇಷ್ಟು ಹಾರಾಡ್ತಿದ್ರಾ ಅಂತ ಕೇಳಿದೆ. ತಟ್ಟೆ ತಳ್ಳಿ ಎದ್ದು ಹೋದ್ರು. ಸೌಮ್ಯ ಮಾವನೆದುರಿಗೆ ತುಟಿ ಬಿಚ್ಚಲ್ಲ. ಮಾನಸಂದು ಒಂದೇ ರಾಗ, ತಂದಿದ್ದು ನಾನು, ಮೇಷ್ಟ್ರಿಗ್ಯಾಕೆ ಶಿಕ್ಷೆ ಅಂತ. ಮೀಟಿಂಗಲ್ಲಿ ಬಂದು ಹೇಳ್ತೀನಿ ಅಂದಿದ್ದಕ್ಕೆ ಅವಳನ್ನ ಶಾಲೆಗೇ ಕಳಿಸ್ತಿಲ್ಲ. ಮಗು ನೆಟ್ಟಗೆ ಉಂಡಿಲ್ಲ ಕಣೋ.

ನಾನು ಸುಮ್ನಿರೋಳಲ್ಲ. ನಾಳೆ ನಾನೇ ಹೋಗ್ತೀನಿ. ಮೇಷ್ಟ್ರನ್ನ ತೆಗೀರಿ ಅಂತ ಇವರ ಬಾಯಿಂದ ಬಂದ ತಕ್ಷಣ, ಯಾವುದಕ್ಕೆ ಮಂಗಳಾರತಿ ಎತ್ತಿದ್ರು ಅಂತ ಎಲ್ಲರೆದುರಿಗೆ ಹೇಳ್ತೀನಿ. ಇದು ಆಚಾರದ ಕೋಪವೋ ಅವಮಾನದ ಕೋಪವೋ ಅಂತ ಆಗ ಅವರೇ ಲೆಕ್ಕ ಹಾಕ್ಲಿ. ಮದುವೆ ಆದಾಗಿಂದ ಇವರಿಗೆ ಹೆದರಿದೋಳಲ್ಲ ನಾನು, ನಿಂಗೇ ಗೊತ್ತಲ್ಲ.

ಮೈ ಕಡೆ ಗಮನ ಇರಲಿ ಕಂದಾ. ಶಿವ ನಿನ್ನ ಬೆನ್ನಿಗಿರಲಿ, ನಿನ್ನ ಜೊತೆ ಕಾವಲಿಗಿರೋ ಹುಡುಗರ ಬೆನ್ನಿಗೂ ಇರಲಿ.

ಇಂತಿ ನಿನ್ನವ್ವ,
ಮಲ್ಲಿಕಾಂಬ

ಮತ್ತೆ: ಸೋಮವಾರ ಮಧ್ಯಾಹ್ನ, ಟಪಾಲಿಗೆ ಹಾಕೋಕೆ ಮುಂಚೆ ಬರೀತಿದ್ದೀನಿ. ಮೇಷ್ಟ್ರನ್ನ ತೆಗೆದ್ರು ರುದ್ರಾ. ನಾನು ಬಾಗಿಲಲ್ಲೇ ನಿಂತಿದ್ದೆ. ನಿಮ್ಮಪ್ಪ ತಿರುಗಿ ನನ್ನನ್ನ ನೋಡಿದ್ರು. ಆ ಮುಖ ನೋಡಿ ನನ್ನ ಬಾಯಿ ಕಟ್ಟೋಯ್ತು. ಕಾರ್ಯದರ್ಶಿ ಈರಭದ್ರಪ್ಪ, ಆ ಕುರಿ ಕಣ್ಣಿನ ಚೂರನ್ನ ಮಕ್ಕಳ ಕೈಲಿ ಮನೆಗೂ ಕಳಿಸಿದ್ರಾ ಅಂತ ಕೇಳಿದ. ಹೌದು, ನಾನೇ ಕಳಿಸಿದ್ದು ಅಂದ್ರು ಮೇಷ್ಟ್ರು. ಪೂಜೆ ವಿಷಯಾನೂ ಅವರಿಗೆ ಗೊತ್ತಿತ್ತು, ಮಾನಸ ಬೆಳಿಗ್ಗೇನೇ ಫೋನಲ್ಲಿ ಎಲ್ಲ ಹೇಳಿದ್ಲಂತೆ. ಒಂದು ಮಾತು ಆಡಿದ್ರೆ ಕೆಲಸ ಉಳೀತಿತ್ತು, ಆಡ್ಲಿಲ್ಲ. ಗೇಟಲ್ಲಿ ನಂಗೆ ಕೈಮುಗಿದು, ಮಾನಸಂಗೆ ಸೈನ್ಸ್ ಬಿಡಿಸ್ಬೇಡಿ ಅಜ್ಜಿ ಅಂದ್ರು. ಇಷ್ಟು ನಾಚಿಕೆ ನಂಗೆ ಯಾವತ್ತೂ ಆಗಿದ್ದಿಲ್ಲ. ಇದನ್ನ ಡಬ್ಬಕ್ಕೆ ಹಾಕಿ ನೇರ ಈರಭದ್ರಪ್ಪನ ಮನೆಗೆ ಹೋಗ್ತಿದ್ದೀನಿ, ಆರ್ಡರ್ ಟೈಪ್ ಆಗೋಕೆ ಮುಂಚೆ ಎಲ್ಲ ಹೇಳ್ತೀನಿ. ಆಮೇಲೆ ನಿಮ್ಮಪ್ಪ ಒಳಗೆ ಸೇರಿಸಿದ್ರೆ ಸರಿ. ಇಲ್ಲಾಂದ್ರೆ ಬುಕ್ಕಾಂಬುಧೀಲಿ ನನ್ನ ತಂಗಿ ಮನೇಲಿರ್ತೀನಿ, ಕಾಗದ ಅಲ್ಲಿಗೇ ಹಾಕು.