ಎಡಕ್ಕೆ ಕೂರಿಸಿದ ಬ್ರೇಕು

ಒಸಾಕಾ, ನವೆಂಬರ್ ೯, ಭಾನುವಾರ

ಇತ್ಸುಕಿ ಯಾಕೆ ಒಂದು ಮಾತೂ ಹೇಳಲಿಲ್ಲ? ಮನೆಗೆ ಬರುವವರೆಗೂ ಅದೇ ಕೊರೆಯುತ್ತಿತ್ತು.

ಮಣಿಕಟ್ಟು ಮುರಿದ ಮೇಲೆ ನನ್ನ ಗಂಡ ಇತ್ಸುಕಿ ಇವತ್ತೇ ಮೊದಲು ಸೈಕಲ್ ಪೋಲೊ ಆಡಿದ್ದು, ಅದೂ ನಾನು ಕಟ್ಟಿಕೊಟ್ಟ ಸೈಕಲ್ ಮೇಲೆ. ಚೆಂಡು ನುಗ್ಗದಂತೆ ಚಕ್ರದ ಕಡ್ಡಿಗಳಿಗೆ ಪ್ಲಾಸ್ಟಿಕ್ ಹಾಳೆ ಕತ್ತರಿಸಿ ಕಟ್ಟಿದ್ದೆ. ಎರಡೂ ಬ್ರೇಕುಗಳನ್ನು ಒಂದೇ ಹಿಡಿಗೆ ಜೋಡಿಸಿ, ಎಲ್ಲರಿಗೂ ಮಾಡುವಂತೆ ಎಡಕ್ಕೆ ಕೂರಿಸಿದ್ದೆ. ಬಲಗೈಯಲ್ಲಿ ಚೆಂಡು ಹೊಡೆಯುವ ಕೋಲಿರುತ್ತದಲ್ಲ.

ಆಟದಲ್ಲಿ ಕಾಲು ನೆಲಕ್ಕೆ ತಾಗಿದರೆ ಪಕ್ಕದ ಗೋಡೆಯನ್ನು ಕೋಲಿನಿಂದ ತಟ್ಟಿ ಬರಬೇಕು. ಇತ್ಸುಕಿ ತಟ್ಟಿದ್ದೇ ತಟ್ಟಿದ್ದು.

"ಏನಪ್ಪಾ, ಗೋಡೇನೇ ಮದ್ವೆ ಆಗ್ಬಿಡ್ತೀಯಾ?" ಎಂದು ನಮ್ಮ ತಂಡದ ಮದೊಕಾ ಕಿಚಾಯಿಸಿದಳು. ನಾನೂ ನಕ್ಕೆ. ಆಮೇಲೆ ಕಣ್ಣಿಗೆ ಬಿತ್ತು: ಕೋಲು ಅವನ ಎಡಗೈಯಲ್ಲಿತ್ತು. ಬಲಗೈಗೆ ಬೀಸುವ ಶಕ್ತಿ ಇನ್ನೂ ಬಂದಿಲ್ಲ. ಬ್ರೇಕ್ ಹಿಡಿಯಲಾಗದೆ ಕಾಲೂರಿ ನಿಲ್ಲಿಸುತ್ತಿದ್ದ.

"ಹೇಳೋಕೇನು ಧಾಡಿ ನಿಂಗೆ?" ಎಂದೆ ಮನೆಗೆ ಬಂದು.

"ನೀನು ಬೆರಳು ಬೇರೆ ಕುಯ್ಕೊಂಡು ಕಟ್ಟಿದ್ದೆ. ಮತ್ತೆ ಬಿಚ್ಚು ಅಂತ ಹೆಂಗೆ ಹೇಳ್ಲಿ?"

ಹಿಡಿಯನ್ನು ಬಲಕ್ಕೆ ಹಾಕಿಯಾಯಿತು. ಬ್ರೇಕ್ ಎಷ್ಟು ಹಗುರವಾಗಿ ಒತ್ತುವಂತಿರಬೇಕೆಂದು ತಿಳಿಯಲು ನನ್ನ ಬಲಗೈಯನ್ನು ಅವನ ಬಲಗೈಯಲ್ಲಿಟ್ಟು, "ಒತ್ತು ನೋಡೋಣ" ಎಂದೆ. ಮೆಲ್ಲಗೆ ಒತ್ತಿದ. ಹಾಗೇ ನಿದ್ದೆ ಹೋದ, ಕೈ ಬಿಟ್ಟಿಲ್ಲ. ಇದನ್ನೆಲ್ಲ ಎಡಗೈಯಲ್ಲೇ ಬರೆಯುತ್ತಿದ್ದೇನೆ, ಅಕ್ಷರಗಳು ಎಲ್ಲೆಲ್ಲೋ ಹೋಗುತ್ತಿವೆ, ಆದರೂ ಬಿಡಿಸಿಕೊಳ್ಳಲು ಮನಸ್ಸಿಲ್ಲ.