ಸದ್ದಿಲ್ಲದ ಬಾಗಿಲು

ಮನೆಯಿಂದ,
ಹದಿನಾಲ್ಕನೇ ತಾರೀಕು, ಗುರುವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ನಿನ್ನ ಮೊಣಕಾಲು ಹೇಗಿದೆ? ಹಾಸ್ಟೆಲಿನ ಅಡುಗೆಮನೆಯಲ್ಲಿ ದಿನವಿಡೀ ನಿಂತೇ ಇರಬೇಡ, ಒಂದು ಸ್ಟೂಲು ಹಾಕಿಸಿಕೋ ಎಂದು ಹೋದ ಸಲ ಬಂದಾಗಲೇ ಹೇಳಿದ್ದೆ. ಹಾಕಿಸಿಕೊಂಡಿರುವುದಿಲ್ಲ, ನನಗೆ ಗೊತ್ತು. ನಾನು ಮಾಡಿ ಕಳಿಸಿದರೂ ನೀನು ಅದರ ಮೇಲೆ ಪಾತ್ರೆ ಜೋಡಿಸಿ ಮತ್ತೆ ನಿಂತೇ ಇರುವವಳು. ಸಕ್ಕರೆ ಪರೀಕ್ಷೆ ಮಾಡಿಸಿದೆಯಾ? ನನ್ನದೇನೂ ಕೇಳಬೇಡ, ಇದ್ದೇನೆ. ‘ನಾವೆಲ್ಲ ಕ್ಷೇಮ’ ಎಂದು ಬರೆಯಬೇಕಾದ ಜಾಗ ಇದು. ಬರೆಯಲು ಮನಸ್ಸು ಒಪ್ಪುತ್ತಿಲ್ಲ. ಫೋನಿನಲ್ಲಿ ಹೇಳೋಣವೆಂದರೆ ನೀನು ಅತ್ತುಬಿಡುತ್ತೀಯ, ನೀನು ಅತ್ತರೆ ನನ್ನ ಬಾಯಿ ಕಟ್ಟಿಹೋಗುತ್ತದೆ. ಅದಕ್ಕೇ ಕಾಗದ. ಪೂರ್ತಿ ಓದಿದ ಮೇಲೆ ಅಳು.

ವಿಷಯ ನಮ್ಮ ಮಗಳದ್ದು. ನಮ್ಮ ಎಂದೇ ಬರೆಯುತ್ತೇನೆ. ಅವಳಮ್ಮ ತೀರಿಕೊಂಡ ಮೇಲೆ ಅವಳಿಗೆ ಜಡೆ ಹಾಕಿ, ಊಟ ಮಾಡಿಸಿ ಬೆಳೆಸಿದವಳು ನೀನು. ‘ಮಾತಿನಮಲ್ಲಿ’ ಎಂದು ಹೆಸರಿಟ್ಟವಳೂ ನೀನೇ. ನೀನು ಕೆಲಸಕ್ಕೆಂದು ಆ ಊರಿಗೆ ಹೋಗುವಾಗಲೂ ಬಸ್ಸಿನ ಕಿಟಕಿಗೆ ಜೋತುಬಿದ್ದು ಹರಟುತ್ತಿದ್ದ ಆ ಹುಡುಗಿಗೆ ಈಗ ಹದಿನಾರು, ದಿನಕ್ಕೆ ನಾಲ್ಕು ಮಾತು ಆಡಿದರೆ ಹೆಚ್ಚು. ಶಾಲೆ ಶುರುವಾದಾಗ ಹೊಟ್ಟೆನೋವು ಎಂದಳು. ಚೀಲ ಹೆಗಲಿಗೆ ಹಾಕಿಕೊಂಡು ಬಾಗಿಲವರೆಗೆ ಬರುವಳು, ಕೈ ನಡುಗುವುದು, ಉಸಿರು ಸಿಕ್ಕಿಕೊಳ್ಳುವುದು, ಒಂದು ಕಾಲಿಗೆ ಶೂ ಹಾಕಿಕೊಂಡು ಅಲ್ಲೇ ನೆಲದ ಮೇಲೆ ಕೂತುಬಿಡುವಳು. ಆಮೇಲೆ ಬಾಗಿಲವರೆಗೂ ಬರುವುದು ನಿಂತಿತು. ಸ್ನಾನ ನಿಂತಿತು. ಹೊಟ್ಟೆಯ ಡಾಕ್ಟರು ಹೊಟ್ಟೆಯಲ್ಲಿ ಏನೂ ಇಲ್ಲ ಎಂದರು. ಪಕ್ಕದ ಮನೆಯ ಎಲೆಕ್ಟ್ರಿಷಿಯನ್, ನನ್ನ ಗೆಳೆಯ ಮಹಾಶಯ, ‘ಎರಡು ಬಿಗಿದ್ರೆ ತಾನೇ ಎದ್ದು ಹೋಗ್ತಾಳೆ’ ಎಂದ. ಅವನಿಗೇ ಎರಡು ಬಿಗಿಯುವಷ್ಟು ಸಿಟ್ಟು ಬಂತು. ಏಣಿ ಕೇಳಲು ಬಂದಾಗ ಇಲ್ಲ ಎಂದೆ, ಏಣಿ ಗೋಡೆಗೆ ಒರಗಿ ಅವನನ್ನೇ ನೋಡುತ್ತಿತ್ತು.

ಕೊನೆಗೆ ಮನಸ್ಸಿನ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದೆ. ಇದು ಆತಂಕ ಮತ್ತು ಖಿನ್ನತೆ, ಸೋಮಾರಿತನವೂ ಅಲ್ಲ ಹಟವೂ ಅಲ್ಲ, ಗುಣವಾಗುತ್ತದೆ, ಆದರೆ ನಿಧಾನ ಎಂದು ಬಿಡಿಸಿ ಹೇಳಿದರು. ಆಮೇಲೆ ಮಲ್ಲಿಯನ್ನು ಹೊರಗೆ ಕೂರಿಸಿ ನನಗೆ ಇನ್ನೊಂದು ಮಾತು ಹೇಳಿದರು. ‘ಇಂಥ ಮಕ್ಕಳಿಗೆ ಸಾಯೋ ಯೋಚನೆ ಬರಬಹುದು. ಮಾತ್ರೆ ನಿಮ್ಮ ಹತ್ರಾನೇ ಇರ್ಲಿ. ಗಮನ ಇಟ್ಟಿರಿ. ಹೆದರ್ಕೋಬೇಡಿ, ನೇರವಾಗಿ ಅವಳನ್ನೇ ಕೇಳಿ.’ ಮಿಕ್ಕಿದ್ದೆಲ್ಲ ಮಾಡಿದೆ ಅಕ್ಕಾ, ಕೇಳುವುದೊಂದು ಆಗಲಿಲ್ಲ. ಆ ಪದ ನನ್ನ ಬಾಯಿಂದ ಹೊರಬಿದ್ದರೆ ಅದಕ್ಕೆ ನಮ್ಮ ಮನೆಯ ದಾರಿ ತಿಳಿದುಬಿಡುತ್ತದೇನೋ ಎಂಬ ಭಯ.

ಬಾಯಿಗೆ ಆಗದ್ದನ್ನು ಕೈಯಿಂದ ಮಾಡಲು ಹೊರಟೆ. ಬಡಗಿಗೆ ಬೇರೇನು ಗೊತ್ತು? ಅವಳ ಕೋಣೆಯ ಚಿಲಕ ಬಿಚ್ಚಿದೆ, ಬಚ್ಚಲಿನದನ್ನೂ ಬಿಚ್ಚಿದೆ. ರಿಪೇರಿ ಎಂದೆ. ಕೋಣೆಯ ಬಾಗಿಲು ಮೊದಲಿಂದಲೂ ಕಿರುಗುಟ್ಟುತ್ತಿತ್ತು, ನಿನಗೆ ನೆನಪಿರಬಹುದು. ಕೀಲುಗಳನ್ನು ಬಿಚ್ಚಿ ಉಜ್ಜಿ ಎಣ್ಣೆ ಹಾಕಿದೆ. ಒಂದು ಬೆರಳಿನಿಂದ ತಳ್ಳಿದರೂ ತೆರೆದುಕೊಳ್ಳಬೇಕು, ಒಳಗಿದ್ದವಳಿಗೆ ಗೊತ್ತಾಗಬಾರದು, ಹಾಗೆ. ನನ್ನ ಜೀವಮಾನದಲ್ಲಿ ಅಷ್ಟು ಚೆನ್ನಾಗಿ ಒಂದು ಬಾಗಿಲು ಕೂರಿಸಿರಲಿಲ್ಲ. ಹಿತ್ತಲಿನ ಶೆಡ್ಡಿನಲ್ಲಿ ಕೆಲಸ ಮಾಡುತ್ತಿರುವಾಗ ಇದ್ದಕ್ಕಿದ್ದಂತೆ ಅವಳು ಏನಾದರೂ ಮಾಡಿಕೊಂಡಳೇನೋ ಅನ್ನಿಸುತ್ತಿತ್ತು. ಮರ ಹೆರೆಯುತ್ತಿದ್ದ ರಂದ ಬಿಟ್ಟು, ಚಪ್ಪಲಿ ಕಳಚಿ, ಮೆಟ್ಟಿಲು ಹತ್ತಿ ಬಾಗಿಲು ತಳ್ಳುತ್ತಿದ್ದೆ. ಅವಳು ಕಿಟಕಿಯ ಕಡೆ ಮುಖ ಮಾಡಿ ಮೇಜಿನ ಮುಂದೆ ಕೂತಿರುತ್ತಿದ್ದಳು, ಬೆನ್ನು ನನ್ನ ಕಡೆಗೆ. ಉಸಿರಾಡುವಾಗ ಭುಜ ಒಂದಿಷ್ಟು ಮೇಲೇಳುತ್ತದಲ್ಲ, ಅದನ್ನು ನೋಡುತ್ತಿದ್ದೆ. ಎದ್ದಿತು, ಇಳಿಯಿತು, ಮತ್ತೆ ಎದ್ದಿತು. ಸಾಕು ಎಂದು ವಾಪಸು ಬರುತ್ತಿದ್ದೆ. ಶೆಡ್ಡು ತಲುಪುವುದರೊಳಗೆ ಮತ್ತೆ ಅನುಮಾನ.

ಹೀಗೆ ಕೆಲವು ವಾರ ಕಳೆದ ಮೇಲೆ, ಒಂದು ದಿನ ಊಟಕ್ಕೆ ಕೂತಾಗ ಅವಳಾಗಿಯೇ ಬಾಯಿ ಬಿಟ್ಟಳು. ‘ಅಪ್ಪಾ, ನನ್ನ ರೂಮಲ್ಲಿ ಯಾರೋ ಇದಾರೆ. ಹಿಂದೆ ನಿಂತ್ಕೊಂಡು ನೋಡ್ತಿರ್ತಾರೆ. ಆಮೇಲೆ ಇರಲ್ಲ.’ ನಿನಗೆ ಈಗಾಗಲೇ ಹೊಳೆದಿರಬೇಕು, ನನಗೆ ಹೊಳೆಯಲಿಲ್ಲ ನೋಡು. ನಾನು ಸದ್ದೇ ಮಾಡುತ್ತಿರಲಿಲ್ಲವಲ್ಲ! ಕಾಯಿಲೆ ಇನ್ನೊಂದು ಮೆಟ್ಟಿಲು ಹತ್ತಿತು ಎಂದುಕೊಂಡೆ. ಒಂದು ಗಳಿಗೆ ಅವಳಮ್ಮನೇ ಬಂದು ನಿಲ್ಲುತ್ತಿದ್ದಾಳೇನೋ ಎಂದೂ ಅನ್ನಿಸಿತು, ನಿನ್ನ ಹತ್ತಿರ ಮುಚ್ಚಿಡುವುದೇನು. ಆ ಕೋಣೆಯಲ್ಲಿ ನಿಂತಾಗ ನನಗೂ ಬೆನ್ನ ಹಿಂದೆ ಯಾರೋ ಇದ್ದಂತಾಗುತ್ತಿತ್ತು. ಹೆದರಿ ಮೊದಲಿಗಿಂತ ಹೆಚ್ಚು ಸಲ ಮೆಟ್ಟಿಲು ಹತ್ತತೊಡಗಿದೆ. ನಾನು ಹತ್ತಿದಷ್ಟೂ ಅವಳು ಕುಗ್ಗಿದಳು. ಕನ್ನಡಿಗೆ ದುಪ್ಪಟಿ ಹೊದಿಸಿದಳು. ಮೇಜು ಬಿಟ್ಟು, ಹಾಡುಹಗಲಲ್ಲೇ ಗೋಡೆಯ ಕಡೆ ತಿರುಗಿ ತಲೆತುಂಬ ಹೊದ್ದು ಮಲಗತೊಡಗಿದಳು. ಹೊದಿಕೆಯೊಳಗೆ ಭುಜ ಕಾಣುತ್ತಿರಲಿಲ್ಲ, ಹಾಗಾಗಿ ನಾನು ಇನ್ನೂ ಹತ್ತಿರ ಹೋಗಿ ಬಗ್ಗಿ ನೋಡುತ್ತಿದ್ದೆ.

ಡಾಕ್ಟರಮ್ಮನ ಎದುರು ದೂರು ಕೊಡಲು ಬಂದವನಂತೆ ನಾನೇ ಎಲ್ಲ ಒಪ್ಪಿಸಿದೆ, ಇವಳಿಗೆ ಇಲ್ಲದವರು ಕಾಣುತ್ತಿದ್ದಾರೆ ಎಂದು. ಅವರು ಮಲ್ಲಿಯನ್ನೇ ಕೇಳಿದರು. ಕಾಣುತ್ತಾ? ಇಲ್ಲ. ಏನಾದರೂ ಕೇಳಿಸುತ್ತಾ? ಇಲ್ಲ. ಮತ್ತೆ ಹೇಗೆ ಗೊತ್ತಾಗುತ್ತೆ? ‘ವಾಸನೆ ಬರುತ್ತೆ. ಹೊಸ ಮರ ಕೊಯ್ದಾಗ ಬರುತ್ತಲ್ಲ, ಅದು. ಇದ್ದಕ್ಕಿದ್ದ ಹಾಗೆ ಹತ್ರ ಬರುತ್ತೆ.’ ಡಾಕ್ಟರಮ್ಮ ನನ್ನ ಅಂಗಿಯ ತೋಳಿನ ಕಡೆ ನೋಡಿದರು. ಮಡಿಕೆಯ ತುಂಬ ಮರದ ಹೊಟ್ಟು. ಒಂದು ಸಲವೂ ತಿರುಗಿ ನೋಡಲಿಲ್ಲವಾ ಎಂದು ಅವರು ಕೇಳಿದಾಗ ಮಲ್ಲಿ ಹೇಳಿದ್ದನ್ನು ಹಾಗೇ ಬರೆಯುತ್ತೇನೆ. ‘ತಿರುಗಿದಾಗ ಅಲ್ಲಿ ಯಾರೂ ಇಲ್ದೇ ಇದ್ರೆ? ಆಗ ನಂಗೆ ಹುಚ್ಚು ಹಿಡಿದಿದೆ ಅಂತ ಗೊತ್ತಾಗ್ಬಿಡುತ್ತಲ್ಲ.’ ಅದು ನಾನೇ ಮಗಳೇ ಎಂದೆ. ನನ್ನ ಕಡೆ ತಿರುಗಿದಳು. ಆಮೇಲೆ ಬಿಕ್ಕಿ ಬಿಕ್ಕಿ ಅತ್ತಳು. ‘ಕೇಳ್ಬಹುದಿತ್ತಲ್ಲಪ್ಪಾ’ ಎಂದಳು, ಅಷ್ಟೇ.

ವಾಪಸು ಬರುವಾಗ ಬಸ್ ಸ್ಟಾಪಿನಲ್ಲಿ ಕೇಳಿದೆ. ‘ಸತ್ತುಹೋಗೋಣ ಅನ್ಸುತ್ತಾ ಕಂದಾ?’ ಪಕ್ಕದಲ್ಲಿ ಯಾರೋ ಕಡಲೆಕಾಯಿ ತಿನ್ನುತ್ತಿದ್ದರು, ಜಗತ್ತು ಅದರ ಪಾಡಿಗೆ ಅದು ನಡೆಯುತ್ತಿತ್ತು. ‘ಕೆಲವು ದಿನ ಅನ್ಸುತ್ತೆ. ಇವತ್ತು ಇಲ್ಲ’ ಎಂದಳು. ನಮ್ಮ ಬಸ್ಸು ಬಂತು, ಹೋಯಿತು, ಇಬ್ಬರೂ ಏಳಲಿಲ್ಲ. ಅನ್ನಿಸಿದ ದಿನ ನನಗೆ ಹೇಳಲು ಒಪ್ಪಿಕೊಂಡಿದ್ದಾಳೆ. ಚಿಲಕ ಸದ್ಯಕ್ಕೆ ಬೇಡ ಎಂದು ಡಾಕ್ಟರಮ್ಮ ಹೇಳಿದ್ದಾರೆ, ಅದಕ್ಕೂ ಒಪ್ಪಿದ್ದಾಳೆ. ಆದರೆ ನಾನು ಬಾಗಿಲು ತಟ್ಟಬೇಕು, ಅವಳು ‘ಇದೀನಿ’ ಎನ್ನಬೇಕು. ಮೊದಲಿನಂತೆ ಕಿರುಗುಟ್ಟಲಿ ಎಂದು ಕೀಲಿನ ಎಣ್ಣೆಯನ್ನೆಲ್ಲ ಒರೆಸಿ ತೆಗೆದಿದ್ದೇನೆ, ಆದರೂ ಹಾಳು ಬಾಗಿಲು ಬಾಯಿ ಬಿಡುತ್ತಿಲ್ಲ. ಅವಳೇ ನಿಂತು ಆಡಿಸಿ ನೋಡಿ, ‘ಸಾಲ್ದು, ಇನ್ನೂ ಕೆಡಿಸು’ ಎಂದಳು. ಎಷ್ಟೋ ತಿಂಗಳ ಮೇಲೆ ನನ್ನನ್ನು ಗೇಲಿ ಮಾಡಿದ್ದು. ವಾರದಲ್ಲಿ ಎರಡು ದಿನ ಅರ್ಧ ಹೊತ್ತು ಶಾಲೆಗೆ ಹೋಗುತ್ತಾಳೆ. ಮಿಕ್ಕ ದಿನ ಮೊದಲಿನಂತೆಯೇ. ತಟ್ಟಿದ ಮೇಲೆ ಉತ್ತರ ಬರುವವರೆಗೆ ಒಂದು ಮೌನ ಇರುತ್ತದಲ್ಲ ಅಕ್ಕಾ, ಅದರಲ್ಲಿ ನಾನು ಎಲ್ಲೆಲ್ಲೋ ಹೋಗಿ ಬರುತ್ತೇನೆ.

ಇಷ್ಟನ್ನೂ ಅವಳನ್ನು ಕೇಳಿಯೇ ನಿನಗೆ ಬರೆದಿದ್ದೇನೆ. ‘ಅತ್ತೆಗೆ ನಿಜಾನೇ ಬರಿ, ಆದ್ರೆ ಫೋನ್ ಮಾಡಿ ಎಲ್ಲ ಸರಿಹೋಗುತ್ತೆ ಅಂತ ಹೇಳ್ಬೇಡ ಅನ್ನು’ ಎಂದಿದ್ದಾಳೆ. ಇವತ್ತು ಏನು ಅಡುಗೆ ಮಾಡಿದೆ, ಯಾವ ಹುಡುಗಿ ಏನು ತಂಟೆ ತೆಗೆದಳು, ಅಂಥದ್ದನ್ನೇ ಹೇಳು, ಕೇಳಿಸಿಕೊಳ್ಳುತ್ತಾಳೆ. ನಿನ್ನ ಆಶೀರ್ವಾದದ ಕೈ ನಮ್ಮಿಬ್ಬರ ತಲೆಯ ಮೇಲೂ ಇರಲಿ.

ನಿನ್ನ ತಮ್ಮ

ಮತ್ತೆ ಬರೆದದ್ದು: ಮಲ್ಲಿ ಕಾಗದ ಓದಿ ಮಡಚಿ ಕೊಟ್ಟಿದ್ದಾಳೆ, ಇದನ್ನು ಅವಳು ನೋಡಿಲ್ಲ. ಅಂಚೆ ಹೊರಡುವ ಹೊತ್ತಾಯಿತು. ಬಸ್ ಸ್ಟಾಪಿನಲ್ಲಿ ಅವಳೂ ನನ್ನನ್ನು ತಿರುಗಿ ಕೇಳಿದಳು, ‘ನಿಂಗೂ ಹಾಗನ್ಸುತ್ತಾ ಅಪ್ಪಾ?’ ಇಲ್ಲ ಎಂದೆ. ಅದು ಸುಳ್ಳು ಅಕ್ಕಾ. ಮುಂದಿನ ಬುಧವಾರ ಡಾಕ್ಟರಮ್ಮನ ಹತ್ತಿರ ನನ್ನ ಹೆಸರನ್ನೂ ಬರೆಸಿದ್ದೇನೆ. ನಾನು ಒಳಗಿರುವಾಗ ಅವಳು ಹೊರಗೆ ಒಬ್ಬಳೇ ಕೂರಬಾರದು. ಅಷ್ಟರೊಳಗೆ ಬಂದುಬಿಡು.