ರಸಮಟ್ಟ ಮತ್ತು ರೆಕ್ಕೆ ಮೂಳೆ

ಫೆಬ್ರವರಿ 4, ಬೆಳಗ್ಗೆ

ಗೋಡೆ ತಳ್ಳಿದ್ದಾಯಿತು. ಗೋಡೆ ಇದ್ದಲ್ಲೇ ಇದೆ. ನಾನೂ.

ಫಿಸಿಯೋ ಹುಡುಗಿ ಹೇಳಿಕೊಟ್ಟದ್ದು ಇಷ್ಟು: ಗೋಡೆಗೆ ಮುಖ ಮಾಡಿ ಎರಡೂ ಅಂಗೈ ಊರಬೇಕು. ಮೊಣಕೈ ಮಡಚಬಾರದು. ಬೆನ್ನಿನ ರೆಕ್ಕೆ ಮೂಳೆಗಳು ಒಂದಕ್ಕೊಂದು ಹತ್ತಿರ ಬರುವಷ್ಟು ಎದೆ ಮುಂದಕ್ಕೆ ಬಿಡಬೇಕು. ಆಮೇಲೆ ಗೋಡೆಯನ್ನು ದೂರ ತಳ್ಳುವ ಹಾಗೆ ಅವನ್ನು ಅಗಲಿಸಬೇಕು. ನೋಡಿದವರಿಗೆ ಇವಳೇನೂ ಮಾಡುತ್ತಿಲ್ಲ ಅನ್ನಿಸುತ್ತದೆ. ಮಾಡಿದವಳಿಗೆ ಬೆವರು.

ನನ್ನ ಬಲಗಡೆಯ ರೆಕ್ಕೆ ಮೂಳೆ ಎದ್ದು ನಿಂತಿದೆ. ಅದನ್ನು ಪಕ್ಕೆಗೆ ಅಂಟಿಸಿ ಹಿಡಿಯುವ ಸ್ನಾಯು ಒಂದಿದೆಯಂತೆ, ಕಂಕುಳ ಕೆಳಗೆ. ಅದು ಮಲಗಿಬಿಟ್ಟಿದೆ. ಇಷ್ಟು ವರ್ಷ ಪಾರ್ಲರಿನಲ್ಲಿ ಊರವರ ಕೂದಲು ಕತ್ತರಿಸಿದ ಕೈ ಈಗ ಹೆಗಲಿನವರೆಗೂ ಏಳುವುದಿಲ್ಲ. ಮತ್ತೆ ಏಳುತ್ತಾ ಅಂತ ಕೇಳಿದೆ.

"ನರ ಮೆಲ್ಲಗೆ ಚೇತರಿಸಿಕೊಳ್ತಿದೆ ಮೇಡಂ. ನೀವು ಆ ಸ್ನಾಯೂನ ಎಬ್ಬಿಸ್ತಾ ಇರಿ. ನೋಡೋಣ."

ಅಡ್ಡಗೋಡೆಯ ಮೇಲೆ ದೀಪ.

ಪಾರ್ಲರ್ ನಡೆಸುವ ಅಕ್ಕ ಸದ್ಯಕ್ಕೆ ನನ್ನನ್ನು ಕೌಂಟರಿನಲ್ಲಿ ಕೂರಿಸಿದ್ದಾರೆ. ಫೋನ್ ಎತ್ತುವುದು, ಬಿದ್ದ ಕೂದಲು ಗುಡಿಸುವುದು. ಕಿಟಕಿ ಪಕ್ಕದ ನನ್ನ ಕುರ್ಚಿಯ ಮೇಲೆ ಟವೆಲ್ ಹಾಸಿಟ್ಟಿದ್ದಾರೆ, ಬಸ್ಸಿನಲ್ಲಿ ಸೀಟು ಹಿಡಿದ ಹಾಗೆ. ಏಪ್ರಿಲ್‌ವರೆಗೆ ಕಾಯುತ್ತಾರಂತೆ. ಆಮೇಲೆ ಬೇರೆಯವರನ್ನು ನೋಡಲೇಬೇಕು, ಅವರಾದರೂ ಏನು ಮಾಡಿಯಾರು.

ಫೆಬ್ರವರಿ 7, ಸಂಜೆ

ಇನ್ನು ಗೋಡೆ ಸಾಲದು, ನೆಲ. ಮಗು ಅಂಬೆಗಾಲಿಡುವ ಹಾಗೆ ಮಂಡಿ, ಅಂಗೈ ಊರಿ ನೆಲವನ್ನು ತಳ್ಳಬೇಕು. ಬಲಗೈ ನಡುಗಿತು. ಓಲಾಡಿದೆ.

"ಈ ನೆಲಾನೇ ಸರಿ ಇಲ್ಲ ರೀ," ಅಂದೆ.

ಇವರದು ಗಾರೆ ಕೆಲಸ. ಎದ್ದರು. ಚೀಲದಿಂದ ರಸಮಟ್ಟ ತಂದು ನನ್ನ ಎರಡು ಕೈಗಳ ನಡುವೆ ಇಟ್ಟರು. ಕಣ್ಣು ಕಿರಿದು ಮಾಡಿ ಗಾಜಿನೊಳಗಿನ ಗುಳ್ಳೆ ನೋಡಿದರು.

"ನೆಲ ಸರಿಯಾಗಿದೆ."

ಅಷ್ಟೇ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆ ಗಾದೆಯನ್ನು ಅಳೆದು ನೋಡಿದ ಮೊದಲ ಮನುಷ್ಯ ನನ್ನ ಗಂಡನೇ ಇರಬೇಕು.

ಕೆಲಸದ ಕಡೆ ಇವರ ಹೆಸರೇ ಮಟ್ಟಣ್ಣ. ನೆಂಟರ ಮನೆಗೆ ಹೋದರೆ ಮೊದಲು ಗೋಡೆಯ ಕ್ಯಾಲೆಂಡರ್ ನೇರ ಮಾಡುತ್ತಾರೆ, ಆಮೇಲೆ ನಮಸ್ಕಾರ. ಇಂಥವರ ತಲೆ ಈಗ ಕಾಡು. ಕಿವಿ ಮುಚ್ಚಿದೆ, ಕಾಲರ್ ದಾಟಿದೆ. ಮದುವೆಯಾದಾಗಿನಿಂದ ನಾನೊಬ್ಬಳೇ ಕತ್ತರಿಸಿದ್ದು. "ಬೇರೆ ಕಡೆ ಹೋಗಿ ಬನ್ನಿ ರೀ" ಅಂದರೆ, "ನೋಡೋಣ" ಅನ್ನುತ್ತಾರೆ. ಕತ್ತರಿಗೆ ಎಣ್ಣೆ ಹಾಕಿ ಡ್ರಾಯರಿನಲ್ಲಿ ಇಟ್ಟಿದ್ದಾರೆ. ನಾನು ನೋಡಿಲ್ಲ ಅಂದುಕೊಂಡಿದ್ದಾರೆ.

ಫೆಬ್ರವರಿ 15

ಹುಡುಗಿ ಹೇಳಿದ್ದಳು: "ನಿಮ್ಮ ಬೆನ್ನು ನಿಮಗೆ ಕಾಣಲ್ಲ ಮೇಡಂ. ಮನೇಲಿ ಯಾರಾದ್ರೂ ನೋಡ್ಕೊಳ್ಳಲಿ, ಮೂಳೆ ಎದ್ದೇಳದ ಹಾಗೆ."

ಯಾರಾದರೂ ಅಂದರೆ ಇವರೇ. ಕೈ ಇಟ್ಟು ನೋಡಿ ಅಂದೆ. ತಮ್ಮ ಅಂಗೈ ನೋಡಿಕೊಂಡರು. ಸಿಮೆಂಟು ತಿಂದ ಕೈ, ಬಿರುಕು ಬಿರುಕು. "ಚುಚ್ಚುತ್ತೆ ನಿಂಗೆ," ಅಂದರು. ಮತ್ತೆ ರಸಮಟ್ಟ ಬಂತು. ಈ ಸಲ ನೆಲಕ್ಕಲ್ಲ, ನನ್ನ ಬೆನ್ನಿಗೆ, ಎರಡು ರೆಕ್ಕೆ ಮೂಳೆಗಳ ಮೇಲೆ ಅಡ್ಡಲಾಗಿ. ತಣ್ಣಗೆ! ಕಿರುಚಿದೆ. ನಕ್ಕು ನಕ್ಕು ಹೊಟ್ಟೆ ಹುಣ್ಣಾಗಿ ಚಾಪೆಯ ಮೇಲೇ ಬಿದ್ದೆ.

"ಅಲ್ಲಾಡ್ಬೇಡ. ಗುಳ್ಳೆ ಓಡುತ್ತೆ."

ಬಲಗಡೆ ಎತ್ತರ ಇದೆಯಂತೆ.

ಫೆಬ್ರವರಿ 22

ಗುಳ್ಳೆ ನಡುವೆ ಬಂತು!! ದಿನಾ "ಎಡಗಡೆ ಸ್ವಲ್ಪ ಸಡಿಲ ಬಿಡು... ಇನ್ನೂ... ಹಾಂ, ಸಾಕು" ಅನ್ನುತ್ತಿದ್ದರು. ಇವತ್ತು ಎರಡೂ ಒಂದೇ ಮಟ್ಟ. ಇವರ ಮುಖ ನೋಡಬೇಕಿತ್ತು, ದೊಡ್ಡ ಛಾವಣಿ ಮುಗಿಸಿದ ಹಾಗೆ. ನಾನೂ ಕುಣಿದಾಡಿದೆ. ಕೈ ಮಾತ್ರ ಇನ್ನೂ ಏಳುತ್ತಿಲ್ಲ. ಏಳುತ್ತದೆ.

ಮಾರ್ಚ್ 3

ಬರೆಯಲು ಮನಸ್ಸಿಲ್ಲ. ಆದರೂ.

ಕ್ಲಿನಿಕ್‌ನಲ್ಲಿ ಬೆನ್ನಿಗೆ, ಪಕ್ಕೆಗೆ ಸ್ಟಿಕ್ಕರ್ ಅಂಟಿಸಿ ವೈರು ಹಾಕಿದಳು. ಸ್ನಾಯು ಎಷ್ಟು ಕೆಲಸ ಮಾಡುತ್ತದೋ ಪರದೆಯ ಮೇಲಿನ ಗೆರೆ ಅಷ್ಟು ಎದ್ದು ಕುಣಿಯುತ್ತದೆ. ಮೊದಲ ಸಲ ಹೋದಾಗ ಎಡದ ಗೆರೆ ಜಿಗಿಯುತ್ತಿತ್ತು, ಬಲದ್ದು ಮಲಗಿತ್ತು. ಇವತ್ತು ಎರಡೂ ಮಲಗಿದ್ದವು.

"ಮೇಡಂ, ಏನ್ ಮಾಡಿದ್ರಿ? ಚೆನ್ನಾಗಿದ್ದ ಕಡೇನೂ ಕೆಲಸ ಬಿಟ್ಟಿದೆಯಲ್ಲ!"

ಹೇಳಿದೆ. ರಸಮಟ್ಟ, ಗುಳ್ಳೆ, ಎಲ್ಲ. ಅವಳು ನಗು ತಡೆಯಲು ಪೆನ್ನು ಕಚ್ಚಿಕೊಂಡಳು. ಇವರು ಮೂಲೆಯ ಸ್ಟೂಲಿನಲ್ಲಿ ಕೂತಿದ್ದರು, ಮುಖ ಸುಣ್ಣದ ಗೋಡೆ.

"ಗೋಡೆ ಒಂದು ಕಡೆ ಉಬ್ಬಿದ್ರೆ ಇನ್ನೊಂದು ಕಡೆ ಗಾರೆ ಹಾಕಿ ಸಮ ಮಾಡ್ತೀವಮ್ಮ. ಅದೇ ಅಭ್ಯಾಸ..."

"ಸಮ ಮಾಡೋದಲ್ಲ ಅಂಕಲ್. ಎಡಗಡೇದನ್ನ ಅದರ ಪಾಡಿಗೆ ಬಿಡಿ. ಬಲಗಡೆ ಮಲಗಿರೋದನ್ನ ಎಬ್ಬಿಸ್ಬೇಕು. ಮಟ್ಟ ನೋಡ್ಬೇಡಿ. ಕಂಕುಳ ಕೆಳಗೆ ಪಕ್ಕೆ ಮೇಲೆ ಬೆರಳು, ಮೂಳೆ ಮೇಲೆ ಅಂಗೈ. ಕೈಯಿಟ್ಟ ಕಡೆ ಸ್ನಾಯು ಏಳುತ್ತೆ."

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದೆವು. ತಿಂಗಳ ಕಷ್ಟ ನೀರಿನಲ್ಲಿ ಹೋಮ. ಬಸ್ಸಿನಲ್ಲಿ ಸಿಟ್ಟು ಬಂತು. ಯಾರ ಮೇಲೆ ಅಂತ ಗೊತ್ತಾಗಲಿಲ್ಲ. ಪಕ್ಕದಲ್ಲಿ ಇವರು ಕಿಟಕಿಯ ಕಡೆ ತಿರುಗಿ ಕೂತಿದ್ದರು, ಕೂದಲು ಗಾಳಿಗೆ ಹಾರಿ ನನ್ನ ಮುಖಕ್ಕೆ ಬಡಿಯುತ್ತಿತ್ತು. ಸಿಟ್ಟು ಇಳಿದುಹೋಯಿತು. ಅಳು ಬಂತು. ಏಪ್ರಿಲ್ ಏನು ಮಹಾ ದೂರ.

ಮಾರ್ಚ್ 4, ಸಂಜೆ 7

ಬಚ್ಚಲಲ್ಲಿ ಏನೋ ಸದ್ದು. ಇಷ್ಟು ಹೊತ್ತು ಏನು ತೊಳೆಯುತ್ತಾರೆ ಅಂತ ಇಣುಕಿದೆ. ಬಿಸಿನೀರಿನ ಬಕೆಟ್ಟಿನಲ್ಲಿ ಎರಡೂ ಕೈ ಅದ್ದಿ ಕೂತಿದ್ದಾರೆ. ಪಕ್ಕದಲ್ಲಿ ನನ್ನ ಕ್ರೀಮಿನ ಡಬ್ಬಿ.

ಬಂದು ಚಾಪೆಯ ಹತ್ತಿರ ಮಂಡಿಯೂರಿದರು. ಅಂಗೈ ಇಟ್ಟರು. ಬೆಚ್ಚಗೆ. ಸ್ವಲ್ಪ ಚುಚ್ಚಿತು, ಹೇಳಲಿಲ್ಲ.

"ತಳ್ಳು."

ತಳ್ಳಿದೆ.

"ಏನೂ ಗೊತ್ತಾಗ್ತಿಲ್ಲ. ಇರ್ಲಿ. ಇನ್ನೊಂದ್ಸಲ."

ಮಾರ್ಚ್ 13

ಏನೂ ಇಲ್ಲ. ಬೇಜಾರು. ಇವರಿಗೆ ಬೇಜಾರಿಲ್ಲ. ಕೈ ಇಟ್ಟುಕೊಂಡು ಮಾತಾಡುತ್ತಾರೆ! ಜನ್ಮದಲ್ಲಿ ಇಷ್ಟು ಮಾತು ಕೇಳಿರಲಿಲ್ಲ. ಮುಖ ಕಾಣದಿದ್ದರೆ ಇವರಿಗೆ ಬಾಯಿ ಬರುತ್ತದೆ ಅಂತ ಈಗ ತಿಳಿಯಿತು. ಮರಳು ಸರಿಯಿಲ್ಲ, ಹೊಸ ಮೇಸ್ತ್ರಿ ಬಾಯಿಬಡುಕ, ಚಿಕ್ಕವರಿದ್ದಾಗ ಇವರಿಗೆ ಈಜು ಬರುತ್ತಿರಲಿಲ್ಲ... ನಾನು ನೆಲ ನೋಡುತ್ತಾ ಹೂಂ ಹೂಂ ಅನ್ನುತ್ತೇನೆ.

ಮಾರ್ಚ್ 19

ನೆಲ ತಳ್ಳುತ್ತಿದ್ದೆ. ಇವರು ಮಾತಿನ ನಡುವೆ ತಟ್ಟನೆ ಸುಮ್ಮನಾದರು.

"ಏ. ಇನ್ನೊಂದ್ಸಲ ಮಾಡು."

ಮಾಡಿದೆ.

"ಬೆರಳ ಕೆಳಗೆ ಏನೋ ಬಿಗಿಯಾಯ್ತು ಕಣೇ. ಬಿಗಿಯಾಯ್ತು!"

ನಾನು ತಿರುಗಿ ನೋಡಲಿಲ್ಲ. ನೋಡಿದ್ದರೆ ಇಬ್ಬರೂ ಅತ್ತುಬಿಡುತ್ತಿದ್ದೆವು.

ಮಾರ್ಚ್ 28

ಪರದೆಯ ಮೇಲೆ ಬಲದ ಗೆರೆ ಎದ್ದಿತು. ಎಡದಷ್ಟಿಲ್ಲ, ಆದರೂ ಎದ್ದಿತು. ಎಡದ್ದೂ ಮೊದಲಿನ ಹಾಗೆ. ಇವರಿಗೆ ಕೆಲಸವಿತ್ತು, ನಾನೊಬ್ಬಳೇ ಹೋಗಿದ್ದೆ. ಹುಡುಗಿ ಬೆನ್ನು ತಟ್ಟಿದಳು.

"ಇನ್ನು ಅಂಕಲ್ ಕೈ ಇಡೋದು ಬೇಡ ಮೇಡಂ. ಅದು ತಾನಾಗೇ ಏಳ್ತಿದೆ. ನೀವೊಬ್ರೇ ಮಾಡ್ಕೋಬಹುದು."

ಪಾರ್ಲರ್ ಅಕ್ಕನಿಗೆ ಹೇಳಿದೆ. ಕುರ್ಚಿಯ ಟವೆಲ್ ಕೊಡವಿ ಮತ್ತೆ ಹಾಸಿದರು. "ಮೊದ್ಲು ಮನೇಲಿ ಯಾರಿಗಾದ್ರೂ ಪೂರ್ತಿ ಒಂದು ಕಟ್ ಮಾಡಿ ನೋಡಮ್ಮ. ಆಮೇಲೆ ಬಾ."

ಇವರಿಗೆ ಗೆರೆ ಎದ್ದದ್ದು ಹೇಳಿದೆ. ಕೈ ಇಡುವುದು ಬೇಡ ಅಂದದ್ದು ಹೇಳಲಿಲ್ಲ. ಸಂಜೆ ಬಿಸಿನೀರಿನ ಸದ್ದು ಕೇಳಿತು. ಸುಮ್ಮನೆ ಹೋಗಿ ಚಾಪೆ ಹಾಸಿದೆ.

ಮಾರ್ಚ್ 30, ಸಂಜೆ

ಕನ್ನಡಿಯ ಮುಂದೆ ಸ್ಟೂಲು. ಕುತ್ತಿಗೆಗೆ ಟವೆಲ್. ಡ್ರಾಯರಿನಿಂದ ಕತ್ತರಿ. ಇವರು ಪರೀಕ್ಷೆಗೆ ಕೂತ ಹುಡುಗನ ಹಾಗೆ ಕೂತಿದ್ದರು, ಪರೀಕ್ಷೆ ನನ್ನದು.

ನೆತ್ತಿಯ ಕೂದಲು ಬಾಚಣಿಗೆಯಲ್ಲಿ ಎತ್ತಿ ಹಿಡಿದು ಕತ್ತರಿಸಬೇಕಾದರೆ ಬಲ ಮೊಣಕೈ ಹೆಗಲಿನ ಮಟ್ಟಕ್ಕೆ ಏಳಲೇಬೇಕು. ಎದ್ದಿತು. ಕಚ್ ಕಚ್. ಆ ಸದ್ದಿಗೆ ಎಷ್ಟು ಹಂಬಲಿಸಿದ್ದೆ. ಇವರು ಕೂತಲ್ಲಿಂದಲೇ ತೋಳು ಚಾಚಿ ನನ್ನ ಬೆನ್ನು ಬಳಸಿ ರೆಕ್ಕೆ ಮೂಳೆಯ ಮೇಲೆ ಅಂಗೈ ಇಟ್ಟರು. ಕೇಳಲಿಲ್ಲ, ಇಟ್ಟರು. ತಲೆಯ ಬಲಗಡೆ ಪೂರ್ತಿ ಮುಗಿಯಿತು, ಚೆನ್ನಾಗಿ. ಎಡಗಡೆಗೆ ಬಂದೆ. ಕೈ ನಡುಗತೊಡಗಿತು. ತಡೆದುಕೊಂಡೆ. ಮತ್ತೆ ನಡುಗಿತು.

"ಸಾಕು," ಅಂದರು.

"ಇನ್ನರ್ಧ ಇದೆ ರೀ."

"ನಾಳೆ."

"ನಾಳೆ ಕೆಲಸಕ್ಕೆ ಹೀಗೇ ಹೋಗ್ತೀರಾ? ಒಂದ್ಕಡೆ ಕಾಡು, ಒಂದ್ಕಡೆ ಬಯಲು!"

ಕನ್ನಡಿಯಲ್ಲಿ ನೋಡಿಕೊಂಡರು. ಕ್ಯಾಲೆಂಡರ್ ಕೂದಲೆಳೆಯಷ್ಟು ಓರೆಯಾದರೂ ತಡೆಯದ ಮನುಷ್ಯ. ಆ ಕಡೆ ತಿರುಗಿ, ಈ ಕಡೆ ತಿರುಗಿ ನೋಡಿದರು.

"ಚೆನ್ನಾಗಿದೆ," ಅಂದರು.

ಮಾರ್ಚ್ 31, ಸಂಜೆ 6.30

ನಿಜವಾಗಿಯೂ ಹಾಗೇ ಹೋಗಿದ್ದರು. ಟೋಪಿಯೂ ಹಾಕಿರಲಿಲ್ಲ. ಕೆಲಸದವರೆಲ್ಲ ಗಾರೆ ಮೆತ್ತುವ ಕರಣಿ ಬಿಟ್ಟು ನಗಲು ನಿಂತರಂತೆ. ಮಟ್ಟಣ್ಣನ ತಲೆಯೇ ಮಟ್ಟ ತಪ್ಪಿತು ಅಂತ. ನೀವೇನಂದಿರಿ ಅಂತ ಕೇಳಿದೆ.

"ಮೊದಲ್ನೇ ಕೋಟ್ ಆಗಿದೆ. ಅದು ಸೆಟ್ ಆಗ್ದೆ ಎರಡನೇದು ಹಾಕ್ಬಾರ್ದು ಅಂದೆ."

ಇವರನ್ನು ಕಟ್ಟಿಕೊಂಡು ಇಷ್ಟು ವರ್ಷವಾಯಿತು. ಇವತ್ತು ಉಕ್ಕಿದಷ್ಟು ಪ್ರೀತಿ ಯಾವತ್ತೂ ಉಕ್ಕಿರಲಿಲ್ಲ. ಬಾಯಿಬಿಟ್ಟು ಹೇಳಲಾರೆ, ಇಲ್ಲಿ ಬರೆದಿಡುತ್ತೇನೆ.

ಈಗ ಗೋಡೆಯ ಹತ್ತಿರ ನಿಂತು ಕೈ ಎತ್ತಿ ನೋಡಿದೆ. ನಡುಕ ಇಲ್ಲ. ಎಡಗಡೆ ಇವತ್ತು ಮುಗಿಯುತ್ತದೆ. ನಾಳೆ ಏಪ್ರಿಲ್. ಟವೆಲ್ ನಾನೇ ತೆಗೆಯುತ್ತೇನೆ.

ಬಚ್ಚಲಲ್ಲಿ ಬಿಸಿನೀರಿನ ಸದ್ದು ನಿಂತಿತು. ಸ್ಟೂಲು ಎಳೆದ ಸದ್ದು. ಕೈ ಇಡುವುದು ಬೇಡವಂತೆ ಅಂತ ಇವತ್ತು ಹೇಳಿಬಿಡಬೇಕು. ಮೋಸ ಒಳ್ಳೆಯದಲ್ಲ. ಕಟ್ ಮುಗಿದ ಮೇಲೆ ಹೇಳಿದರಾಯಿತು. ಇಲ್ಲವೇ ಏಪ್ರಿಲ್ ಕೊನೆಗೆ...

"ಬಾರೇ, ಕೈ ತಣ್ಣಗಾಗುತ್ತೆ!"

ಬಂದೆ ರೀ —